ಹಳೇ ಔಟ್‌ಬೋರ್ಡ್ ಮೋಟಾರು ಮತ್ತು ಕ್ಲೀನರ್ ಡಬ್ಬಿ: ಸುರಿಯುವ ಮುಂಚೆ ದೋಷ ಹುಡುಕುವ ಕ್ರಮ

ಬೇಸಿಗೆಯಲ್ಲಿ ಗೊರೂರಿನ ಹೇಮಾವತಿ ಹಿನ್ನೀರು ಹಿಂದೆ ಸರಿದು, ಶೆಟ್ಟಿಹಳ್ಳಿ ಚರ್ಚಿನ ಸುತ್ತ ಜನ ನಡೆದಾಡುವ ಹೊತ್ತಿಗೆ ದೋಣಿಗಳು ದಡ ಸೇರಿರುತ್ತವೆ, ಅವುಗಳ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರುಗಳು ಶೆಡ್ಡು ಸೇರಿರುತ್ತವೆ. ಮುಂಗಾರು ಹಿಡಿದು ನೀರು ಏರಿದ ಮೇಲೆ ಹಗ್ಗ ಎಳೆದರೆ ಮೋಟಾರು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಇಲ್ಲವೇ ಚೋಕ್ ಎಳೆದಷ್ಟು ಹೊತ್ತು ಮಾತ್ರ ಓಡುತ್ತದೆ. ಇಲ್ಲವೇ ಅರ್ಧ ವೇಗ ದಾಟುವುದಿಲ್ಲ. ಬೇಲೂರಿನ ಯಗಚಿಯಲ್ಲೂ ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲೂ ತಿಂಗಳುಗಟ್ಟಲೆ ನಿಂತ ಮೋಟಾರಿನ ತೊಂದರೆ ಇದೇ. ಆಗ ಮೊದಲು ನೆನಪಾಗುವುದು ಪೆಟ್ರೋಲಿಗೆ ಬೆರೆಸುವ ಕ್ಲೀನರ್ ಡಬ್ಬಿ.

ಡಬ್ಬಿಗೆ ಕೆಲಸ ಖಂಡಿತ ಇದೆ. ಆದರೆ ಅದರ ಸರದಿ ಬರುವುದು ಕಾರ್ಬೊರೇಟರ್ ತೊಳೆದ ಮೇಲೆ. ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡಿನಲ್ಲಿ ಪಿಸ್ಟನ್ನಿಗೂ ಬೇರಿಂಗಿಗೂ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಮೇನ್ ಜೆಟ್ (ಜೋರಾಗಿ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಅರ್ಧ ಕಟ್ಟಿಕೊಂಡಿದ್ದರೆ ಪೆಟ್ರೋಲ್ ಅರ್ಧ, ಅದರೊಂದಿಗೆ ಆಯಿಲ್ಲೂ ಅರ್ಧ. ಪೆಟ್ರೋಲ್ ಕಡಿಮೆಯಾದರೆ ಉರಿಯುವ ಬಿಸಿ ಏರುತ್ತದೆ, ಆಯಿಲ್ ಕಡಿಮೆಯಾದರೆ ಉಜ್ಜಾಟ ಏರುತ್ತದೆ. ಎರಡೂ ಒಟ್ಟಿಗೆ ಬಂದಾಗ ಪಿಸ್ಟನ್ ಗೀರಿಕೊಂಡು ಹಿಡಿದುಬಿಡುತ್ತದೆ. ‘ಕ್ಲೀನರ್ ಹಾಕಿ ಜೋರಾಗಿ ಓಡಿಸಿ, ತಾನೇ ಬಿಟ್ಟುಕೊಳ್ಳುತ್ತದೆ’ ಎಂಬ ಸಲಹೆ ಎಷ್ಟೋ ಒಳ್ಳೆಯ ಮೋಟಾರುಗಳನ್ನು ಗುಜರಿಗೆ ಕಳಿಸಿದೆ. ಇಲ್ಲಿ ಬರೆದಿರುವುದು ಕಾರ್ಬೊರೇಟರ್ ಇರುವ, ಆಯಿಲ್ ಬೆರೆಸಿ ಓಡಿಸುವ, ಸುಮಾರು 8ರಿಂದ 40 ಎಚ್‌ಪಿ ಒಳಗಿನ ಟೂ ಸ್ಟ್ರೋಕ್ ಮೋಟಾರುಗಳಿಗೆ.

ಮೊದಲು ಪೆಟ್ರೋಲ್ ನೋಡಿ

ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ಪೆಟ್ರೋಲನ್ನು ಬಿಳೀ ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲುಗಾಡದಂತೆ ಇಡಿ. ಮೇಲಿನಿಂದ ತೆಗೆದರೆ ಪ್ರಯೋಜನವಿಲ್ಲ, ನೀರು ಇರುವುದು ತಳದಲ್ಲಿ. ಚೆನ್ನಾಗಿರುವ ಪೆಟ್ರೋಲ್ ತಿಳಿಯಾಗಿ, ಬೆರೆಸಿದ ಆಯಿಲಿನ ಬಣ್ಣದಲ್ಲಿ, ಮೂಗಿಗೆ ಚುರುಕಾಗಿ ಇರುತ್ತದೆ. ಹಳಸಿದ್ದು ವಾರ್ನಿಷ್ ವಾಸನೆ ಹೊಡೆಯುತ್ತದೆ, ಬಣ್ಣ ಗಾಢವಾಗಿರುತ್ತದೆ. ಬಾಟಲಿಯ ತಳದಲ್ಲಿ ಬೇರೆಯೇ ಒಂದು ಪದರ ನಿಂತಿದ್ದರೆ ಆ ಪೆಟ್ರೋಲಿಗೆ ಯಾವ ಔಷಧವೂ ಇಲ್ಲ.

ಆ ಪದರ ಏನೆಂದು ತಿಳಿದಿರಬೇಕು. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ 20 ಪಾಲು ಎಥೆನಾಲ್. ಎಥೆನಾಲ್ ನೀರನ್ನು ಹೀರುತ್ತದೆ. ಸ್ವಲ್ಪ ನೀರಾದರೆ ಕರಗಿಸಿಕೊಂಡು ಸುಮ್ಮನಿರುತ್ತದೆ. ಮಿತಿ ದಾಟಿತೋ, ಎಥೆನಾಲ್ ಮತ್ತು ನೀರು ಒಂದಾಗಿ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕ್ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪು ಹೀರುವುದು ತಳದಿಂದ. ಹಾಗಾಗಿ ಇಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರು–ಎಥೆನಾಲ್. ಮಲೆನಾಡಿನ ಮಳೆಗಾಲದ ತೇವದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ಮುಚ್ಚಳದ ಮೇಲಿನ ಗಾಳಿ ತಿರುಪು ತೆರೆದೇ ಇಟ್ಟಿದ್ದರೆ, ಅಥವಾ ಮುಚ್ಚಳದ ವಾಷರ್ ಸೀಳಿ ಮಳೆನೀರು ಇಳಿದಿದ್ದರೆ ಹೀಗಾಗುತ್ತದೆ. ತಣ್ಣಗಾದಷ್ಟೂ ನೀರು ಕರಗಿಸಿಕೊಳ್ಳುವ ಶಕ್ತಿ ಕುಗ್ಗುವುದರಿಂದ, ಡಿಸೆಂಬರ್–ಜನವರಿಯಲ್ಲಿ ಸಂಜೆ ತಿಳಿಯಾಗಿದ್ದ ಪೆಟ್ರೋಲ್ ಬೆಳಗ್ಗೆ ಮಂಜು ಕವಿದಂತೆ ಕಾಣಬಹುದು. ಅದು ಮಿತಿಯ ಅಂಚಿಗೆ ಬಂದಿದೆ ಎಂಬುದರ ಗುರುತು.

ಕ್ಯಾನಿನಲ್ಲಿ ಉಳಿದಿರುವ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ ಎಂದು ನೋಡಲು ಅಳತೆ ಗುರುತಿರುವ ಗಾಜಿನ ಸಿಲಿಂಡರಿಗೆ 10 ಮಿ.ಲೀ. ನೀರು, ಅದರ ಮೇಲೆ ಆಯಿಲ್ ಬೆರೆಸದ ಪೆಟ್ರೋಲ್ 90 ಮಿ.ಲೀ. ಹಾಕಿ, ಮುಚ್ಚಿ, ಕುಲುಕಿ, ಇಡಿ. ತಳದ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. ಸುಮಾರು 28ಕ್ಕೆ ಏರಿದರೆ ಇ20.

‘ನೀರು ತೆಗೆಯುವ’ ಡಬ್ಬಿಗಳಲ್ಲಿ ಹೆಚ್ಚಿನವು ಐಸೊಪ್ರೊಪೈಲ್ ಆಲ್ಕೊಹಾಲ್. ಎಥೆನಾಲ್ ಇಲ್ಲದ ಪೆಟ್ರೋಲಿನ ಕಾಲದಲ್ಲಿ ಅವಕ್ಕೆ ಅರ್ಥವಿತ್ತು. ಲೀಟರಿಗೆ 200 ಮಿ.ಲೀ. ಆಲ್ಕೊಹಾಲ್ ಮೊದಲೇ ಇರುವ ಪೆಟ್ರೋಲಿಗೆ ಇನ್ನು ಹತ್ತು ಮಿ.ಲೀ. ಸೇರಿಸಿ ಏನೂ ಆಗುವುದಿಲ್ಲ. ಪದರ ಒಡೆದ ಪೆಟ್ರೋಲನ್ನು ಪೂರ್ತಿ ತೆಗೆದುಬಿಡಿ. ಮೇಲಿನ ಪದರವನ್ನು ಉಳಿಸಿಕೊಳ್ಳೋಣ ಎನ್ನಬೇಡಿ, ಎಥೆನಾಲ್ ಕಳೆದುಕೊಂಡಾಗ ಅದರ ಆಕ್ಟೇನ್ (ಬಡಿತವಿಲ್ಲದೆ ಉರಿಯುವ ಗುಣ) ಕೂಡ ಇಳಿದಿರುತ್ತದೆ. ಕೆರೆ ದಂಡೆಗೋ ತೋಟದ ಚರಂಡಿಗೋ ಸುರಿಯದೆ, ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ವೇಸ್ಟ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಈ ಜಲಾಶಯಗಳ ನೀರನ್ನೇ ಊರುಗಳು ಕುಡಿಯುತ್ತವೆ.

ಇಂಜಿನ್ ಬದುಕಿದೆಯೇ?

ಕ್ಲೀನರಿಗೆ ದುಡ್ಡು ಹಾಕುವ ಮುಂಚೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ ಅಳೆಯಿರಿ. ಎಲ್ಲಾ ಪ್ಲಗ್ ಬಿಚ್ಚಿ. ಪ್ಲಗ್ ವೈರುಗಳನ್ನು ಇಂಜಿನ್ ಬಾಡಿಗೆ ಅರ್ತ್ ಮಾಡಿ, ಹಾಗೇ ತೂಗುಬಿಟ್ಟು ಎಳೆದರೆ ಸಿಡಿಐ ಯೂನಿಟ್ (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಟ್ಟುಹೋಗಬಹುದು. ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಹಳೇ ಮೋಟಾರುಗಳಲ್ಲಿ 90ರಿಂದ 120 ಪಿಎಸ್‌ಐ ಸಿಕ್ಕರೆ ನೆಮ್ಮದಿ. ಸಂಖ್ಯೆಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ. ಒಂದು 105, ಇನ್ನೊಂದು 100 ಇದ್ದರೆ ಚಿಂತೆ ಇಲ್ಲ. ಒಂದು 105, ಇನ್ನೊಂದು 75 ಇದ್ದರೆ ಕಾರಣ ಹುಡುಕಲೇಬೇಕು.

ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಅಂಟಿಕೊಂಡಿರಬೇಕು ಅಥವಾ ಬೋರ್ ಸವೆದಿರಬೇಕು. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಪಿಸ್ಟನ್ ತೂತು. ಅಂಟಿದ ರಿಂಗು ಮಾತ್ರ ಡಬ್ಬಿಯಿಂದ ಸರಿಹೋಗಬಲ್ಲದ್ದು. ಉಳಿದದ್ದಕ್ಕೆಲ್ಲ ಸ್ಪ್ಯಾನರೇ ಬೇಕು.

ಬಿಚ್ಚಿದ ಪ್ಲಗ್ಗುಗಳನ್ನು ಯಾವ ಸಿಲಿಂಡರಿನದು ಎಂದು ಗುರುತು ಹಾಕಿ ಸಾಲಾಗಿಟ್ಟು ನೋಡಿ. ಕಾಫಿ ಪುಡಿಯ ತೆಳು ಕಂದು ಬಣ್ಣ ಒಳ್ಳೆಯದು. ಕಪ್ಪು, ಒದ್ದೆ ಎಂದರೆ ಪೆಟ್ರೋಲ್ ಬಂದಿದೆ ಆದರೆ ಉರಿದಿಲ್ಲ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಬಿಸಿಯೇರಿದೆ. ಪಿಂಗಾಣಿಯ ಮೇಲೆ ಬೂದು ಬಣ್ಣದ ಹೊಳೆಯುವ ಚುಕ್ಕಿಗಳಿದ್ದರೆ ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಅಂಥ ಇಂಜಿನ್ನನ್ನು ಮತ್ತೆ ಚಾಲೂ ಮಾಡಬೇಡಿ, ಹೆಡ್ ಬಿಚ್ಚಿಸಿ.

ಸ್ಪಾರ್ಕ್ ನೋಡುವಾಗ ಪ್ಲಗ್ಗನ್ನು ತೂತಿನ ಪಕ್ಕದಲ್ಲೇ ಹಿಡಿಯಬೇಡಿ, ಒಳಗಿನ ಆವಿಗೆ ಬೆಂಕಿ ಹತ್ತುತ್ತದೆ. ದೂರಕ್ಕೆ ಅರ್ತ್ ಮಾಡಿದ ಸ್ಪಾರ್ಕ್ ಟೆಸ್ಟರ್ ಬಳಸಿ. ಸಿಡಿಐ ಇರುವ ಮೋಟಾರಿನಲ್ಲಿ ಸುಮಾರು 10 ಮಿ.ಮೀ. ಅಂತರವನ್ನು ನೀಲಿ ಕಿಡಿ ಟಪಟಪ ಹಾರಬೇಕು. ಕಿಡಿಯೇ ಇಲ್ಲದಿದ್ದರೆ ಮೊದಲು ಕಿಲ್ ಸ್ವಿಚ್ಚಿನ ಹಗ್ಗದ ಕ್ಲಿಪ್ ಜಾಗದಲ್ಲಿದೆಯೇ ನೋಡಿ. ಇಡೀ ದಿನ ಎಳೆದು ಸುಸ್ತಾಗುವುದು ಈ ಒಂದು ಕ್ಲಿಪ್ಪಿನಿಂದ.

ಪೆಟ್ರೋಲ್ ದಾರಿ: ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ

ಕಂಪ್ರೆಷನ್ ಇದೆ, ಕಿಡಿ ಇದೆ ಎಂದಾದರೆ ಉಳಿದದ್ದು ಪೆಟ್ರೋಲ್. ಹಳೇ ಮೋಟಾರಿನ ದೋಷ ಹೆಚ್ಚಾಗಿ ಇಲ್ಲೇ ಇರುವುದು, ಅದರಲ್ಲೂ ಕಾರ್ಬೊರೇಟರಿನಲ್ಲಿ.

ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ? ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಮೋಟಾರಿಗೆ ಕಾರಣ ಬಹುತೇಕ ಇದೇ. ಪೆಟ್ರೋಲ್ ಪೈಪಿನ ನಡುವೆ ಕೈಯಲ್ಲಿ ಒತ್ತುವ ಪಂಪ್ ಬಲ್ಬಿನ ಮೇಲಿನ ಬಾಣ ಇಂಜಿನ್ ಕಡೆಗೆ ಇರಬೇಕು. ಬಲ್ಬ್ ಒತ್ತುತ್ತಾ ಹೋದರೆ ಗಟ್ಟಿಯಾಗಿ ನಿಲ್ಲಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಕನೆಕ್ಟರಿನ ಓ-ರಿಂಗ್ ಮೊದಲ ಸಂಶಯ. ಅಲ್ಲದಿದ್ದರೆ ಕಾರ್ಬೊರೇಟರಿನ ಬಟ್ಟಲಿನಲ್ಲಿ ತೇಲುವ ಫ್ಲೋಟಿನ ಸೂಜಿ ತೆರೆದೇ ಸಿಕ್ಕಿಕೊಂಡು ಪೆಟ್ರೋಲ್ ಉಕ್ಕುತ್ತಿದೆ. ಓಡುವಾಗ ಬಲ್ಬ್ ಚಪ್ಪಟೆಯಾದರೆ ಅಡಚಣೆ ಟ್ಯಾಂಕಿನ ಕಡೆ. ಮೋಟಾರು ಕುಗ್ಗುತ್ತಿರುವಾಗ ಬಲ್ಬ್ ಒತ್ತಿ ನೋಡಿ, ಆಗ ಚೇತರಿಸಿಕೊಂಡರೆ ಫ್ಯೂಯೆಲ್ ಪಂಪಿನ ಡಯಾಫ್ರಂ (ಒಳಗಿನ ತೆಳು ಪೊರೆ) ಗಟ್ಟಿಯಾಗಿದೆ ಅಥವಾ ಸೀಳಿದೆ. ಇದಕ್ಕೆ ಕ್ಲೀನರ್ ಕೆಲಸ ಮಾಡದು. ಡಯಾಫ್ರಂ ಕಿಟ್ ಹಾಕಿ.

ಹಳೇ ರಬ್ಬರ್ ಪೈಪನ್ನು ಬೆರಳಿನಿಂದ ಒತ್ತಿ. ಒಳಮೈ ಜಿಗುಟಾಗಿದ್ದರೆ, ಕಪ್ಪು ಕೈಗೆ ಹತ್ತಿದರೆ, ಎಥೆನಾಲ್ ಅದನ್ನು ತಿಂದಿದೆ ಎಂದರ್ಥ. ಆ ಕಪ್ಪು ಚೂರುಗಳೇ ಜೆಟ್ಟಿಗೆ ಹೋಗಿ ಕೂರುವುದು. ಇ20 ತಡೆಯುವ ಪೈಪನ್ನೇ ಕೇಳಿ ಹಾಕಿಸಿ. ತೋಟದಲ್ಲಿ ಹಳೇ ಕಳೆ ಕೊಚ್ಚುವ ಮಷಿನ್, ಸ್ಪ್ರೇಯರ್ ಇದ್ದರೆ ಅವುಗಳ ಪೈಪನ್ನೂ ಇದೇ ಕೈಯಲ್ಲಿ ನೋಡಿಬಿಡಿ, ಅವುಗಳಿಗೂ ಇದೇ ಕಾಯಿಲೆ.

ಕಾರ್ಬೊರೇಟರ್ ತೊಳೆಯುವುದು

ಚೋಕ್ ಎಳೆದರೆ ಮಾತ್ರ ಓಡುತ್ತದೆ, ನಿಧಾನ ವೇಗದಲ್ಲಿ ಆರಿಹೋಗುತ್ತದೆ ಎಂದರೆ ಕಟ್ಟಿಕೊಂಡಿರುವುದು ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್. ನಿಧಾನಕ್ಕೆ ಚೆನ್ನಾಗಿದೆ, ಮೇಲೆ ಏಳುವುದಿಲ್ಲ ಎಂದರೆ ಮೇನ್ ಜೆಟ್. ಬಿಚ್ಚುವ ಮುಂಚೆ ಪೈಲಟ್ ತಿರುಪನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ತಗುಲುವವರೆಗೆ ಎಷ್ಟು ಸುತ್ತು ಹೋಯಿತು ಎಂದು ಬರೆದಿಡಿ. ಜೋಡಿಸುವಾಗ ಅಷ್ಟೇ ಹೊರಕ್ಕೆ ಬಿಡಬೇಕು. ಬಿಗಿಯಾಗಿ ಒತ್ತಿದರೆ ತುದಿ ಹಾಳಾಗಿ ಮುಂದೆ ಐಡ್ಲಿಂಗ್ ಕೂರುವುದೇ ಇಲ್ಲ.

ಫ್ಲೋಟ್ ಬಟ್ಟಲು ಬಿಚ್ಚಿದಾಗ ಒಳಗೆ ಕಾಣುವುದನ್ನು ಗಮನಿಸಿ. ಹಳದಿ–ಕಂದು ಪೊರೆ ಇದ್ದರೆ ಅದು ಪೆಟ್ರೋಲ್ ಆರಿ ಉಳಿದ ಗೋಂದು, ಕಾರ್ಬೊರೇಟರ್ ಸ್ಪ್ರೇಗೆ ಕರಗುತ್ತದೆ. ಹಿತ್ತಾಳೆ ಜೆಟ್ಟಿನ ಮೇಲೆ ಹಸಿರು ಪುಡಿ, ಬಟ್ಟಲಿನಲ್ಲಿ ಬಿಳಿ ಹುಡಿ ಇದ್ದರೆ ಅದು ನೀರಿನಿಂದಾದ ತುಕ್ಕು. ಪೆಟ್ರೋಲಿಗೆ ಬೆರೆಸುವ ಯಾವ ದ್ರವವೂ ಅದನ್ನು ಕರಗಿಸುವುದಿಲ್ಲ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಈ ವ್ಯತ್ಯಾಸ ಕಣ್ಣಾರೆ ಕಂಡ ಮೇಲೆ ಹೆಚ್ಚು ವಾದ ಬೇಕಾಗುವುದಿಲ್ಲ.

ರಬ್ಬರ್ ಭಾಗ, ಫ್ಲೋಟ್, ಗ್ಯಾಸ್ಕೆಟ್ ತೆಗೆದಿಟ್ಟ ಮೇಲೆಯೇ ಸ್ಪ್ರೇ ಹೊಡೆಯಿರಿ. ಜೆಟ್ಟುಗಳನ್ನು ಕ್ಲೀನರಿನಲ್ಲಿ ರಾತ್ರಿ ನೆನೆಸಿ. ಕಬ್ಬಿಣದ ತಂತಿ ತೂರಿಸಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮಿಶ್ರಣ ಕೆಡುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಸಾಕು, ಮತ್ತೆ ಗಾಳಿ ಹೊಡೆಯಿರಿ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ದುಂಡಗಿನ ತೂತು ಕಾಣಬೇಕು. ಎರಡು ಕಾರ್ಬೊರೇಟರ್ ಇದ್ದರೆ ಒಂದರ ಭಾಗ ಇನ್ನೊಂದಕ್ಕೆ ಸೇರದಂತೆ ಎರಡು ತಟ್ಟೆ ಇಟ್ಟುಕೊಳ್ಳಿ.

ಈಗ ಡಬ್ಬಿಯ ಸರದಿ

ಇಷ್ಟಾದ ಮೇಲೆ ಉಳಿಯುವುದು ಪಿಸ್ಟನ್ ತಲೆ, ರಿಂಗು ಕೂರುವ ಸಂದು, ಎಗ್ಸಾಸ್ಟ್ ಬಾಯಿಗಳಲ್ಲಿ ಕಟ್ಟಿದ ಮಸಿ. ಇದೇ ಕ್ಲೀನರಿನ ನಿಜವಾದ ಕೆಲಸ. ಪೇಟೆಯಲ್ಲಿ ಸಿಗುವುದು ಎರಡು ಜಾತಿ. ಸೀ ಫೋಮ್ ಥರದವು ತೆಳು ಆಯಿಲ್, ನ್ಯಾಫ್ತಾ, ಐಸೊಪ್ರೊಪೈಲ್ ಸೇರಿದ ದ್ರಾವಕ. ಅದರ ಅಳತೆ ಸಾಮಾನ್ಯ ಬಳಕೆಗೆ ಲೀಟರಿಗೆ ಸುಮಾರು 8 ಮಿ.ಲೀ., ಶುಚಿ ಮಾಡಲು 16 ಮಿ.ಲೀ. ಇನ್ನೊಂದು ಪಾಲಿಈಥರ್ ಅಮೀನ್ ಇರುವ ಡಿಟರ್ಜೆಂಟ್ ಕ್ಲೀನರ್. ಇವು ಗಾಢ, ಡಬ್ಬಿಯ ಮೇಲಿನ ಅಳತೆ ಮೀರಬೇಡಿ. ಮಸಿಗೆ ಎರಡನೆಯದು ಮೇಲು, ಅಂಟಿದ ರಿಂಗನ್ನು ನೆನೆಸಲು ಮೊದಲನೆಯದು ಅನುಕೂಲ.

ರಿಂಗು ಅಂಟಿದ್ದರೆ ನೆನೆಸುವುದು ಹೀಗೆ: ಪ್ಲಗ್ ಬಿಚ್ಚಿ, ಪಿಸ್ಟನ್ನುಗಳನ್ನು ನಡು ಎತ್ತರಕ್ಕೆ ತಂದು, ಪ್ರತಿ ಸಿಲಿಂಡರಿಗೆ 15–20 ಮಿ.ಲೀ. ದ್ರಾವಕ ಬಿಡಿ. ಅರ್ಧ ಗಂಟೆಗೊಮ್ಮೆ ಫ್ಲೈವೀಲನ್ನು ಕೈಯಲ್ಲಿ ಕಾಲು ಸುತ್ತು ಅಲುಗಿಸಿ. ರಾತ್ರಿ ಬಿಡಿ. ಬೆಳಗ್ಗೆ ಪ್ಲಗ್ ಹಾಕದೆ, ವೈರು ಅರ್ತ್ ಮಾಡಿ, ತೂತಿನ ಮೇಲೆ ಬಟ್ಟೆ ಹಿಡಿದು ಹಗ್ಗ ಎಳೆದು ದ್ರವವನ್ನೆಲ್ಲ ಹೊರಹಾಕಿ. ದ್ರವ ಒಳಗಿರುವಾಗಲೇ ಪ್ಲಗ್ ಹಾಕಿ ಎಳೆದರೆ ಅದು ಒತ್ತಿಕೊಳ್ಳದೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ದ್ರಾವಕ ಆಯಿಲಿನ ಪೊರೆಯನ್ನೂ ತೊಳೆದಿರುತ್ತದೆ. ಆದ್ದರಿಂದ ಪ್ರತಿ ಸಿಲಿಂಡರಿಗೆ 5 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬಿಟ್ಟು ಒಂದೆರಡು ಸುತ್ತು ತಿರುಗಿಸಿ, ಕಂಪ್ರೆಷನ್ ಮತ್ತೆ ಅಳೆಯಿರಿ.

ಓಡಿಸಿ ಶುಚಿ ಮಾಡಲು ದೊಡ್ಡ ಟ್ಯಾಂಕ್ ಬೇಡ. ಸಣ್ಣ ಕ್ಯಾನಿನಲ್ಲಿ ಹೊಸ ಪೆಟ್ರೋಲ್ 3 ಲೀಟರ್, ಅದಕ್ಕೆ ಆಯಿಲ್, ಆಮೇಲೆ ದ್ರಾವಕ ಕ್ಲೀನರ್ 48 ಮಿ.ಲೀ. ಮೋಟಾರು 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಕೇಳುವುದಾದರೆ ಆಯಿಲ್ 60 ಮಿ.ಲೀ., ಹಳೆಯ 25:1 ಆದರೆ 120 ಮಿ.ಲೀ. ಕ್ಲೀನರಿನಲ್ಲೂ ಎಣ್ಣೆ ಇದೆಯಲ್ಲ ಎಂದು ಆಯಿಲ್ ಕಡಿಮೆ ಮಾಡಬೇಡಿ. ಆಯಿಲ್ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 (ನೀರಿನಿಂದ ತಣಿಯುವ ಟೂ ಸ್ಟ್ರೋಕಿಗೆ ಮಾಡಿದ್ದು) ಎಂಬ ಗುರುತು ಇರಲೇಬೇಕು. ಬಂಕಿನಲ್ಲಿ ಸಿಗುವ ಸ್ಕೂಟರಿನ ಟೂ-ಟಿ ಆಯಿಲ್ ಗಾಳಿಯಿಂದ ತಣಿಯುವ, ಬಿಸಿಯಾಗಿ ಓಡುವ ಇಂಜಿನ್ನಿಗೆ ಮಾಡಿದ್ದು. ಅದರಲ್ಲಿರುವ ಬೂದಿ ಬಿಡುವ ಅಂಶ ತಣ್ಣಗೆ ಓಡುವ ಔಟ್‌ಬೋರ್ಡಿನಲ್ಲಿ ಪಿಸ್ಟನ್ ಮೇಲೆ, ಪ್ಲಗ್ ಮೇಲೆ ಕಟ್ಟುತ್ತದೆ. ಆಯಿಲ್ ಬದಲಿಸದೆ ಕ್ಲೀನರ್ ಹಾಕಿದರೆ ಈ ವರ್ಷ ತೆಗೆದ ಮಸಿ ಮುಂದಿನ ವರ್ಷ ಅಲ್ಲೇ ಇರುತ್ತದೆ.

200 ಲೀಟರ್ ಡ್ರಮ್ಮಿನಲ್ಲಿ ನೀರು ತುಂಬಿ, ಪ್ರೊಪೆಲ್ಲರ್ ಮೇಲಿನ ಚಪ್ಪಟೆ ರೆಕ್ಕೆ ಪೂರ್ತಿ ಮುಳುಗಿರುವಂತೆ ಮೋಟಾರು ನಿಲ್ಲಿಸಿ. ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ, ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಹರಿದುಹೋಗುತ್ತದೆ. ಶೆಡ್ಡಿನೊಳಗೆ ಬೇಡ, ಬಯಲಿನಲ್ಲಿ. ನ್ಯೂಟ್ರಲ್‌ನಲ್ಲಿ, ಐಡ್ಲಿಂಗ್‌ಗಿಂತ ಸ್ವಲ್ಪ ಮೇಲೆ 15 ನಿಮಿಷ ಓಡಿಸಿ, ಆರಿಸಿ, ಒಂದು ಗಂಟೆ ಬಿಡಿ. ಮತ್ತೆ ಚಾಲೂ ಮಾಡಿದಾಗ ದಟ್ಟ ಹೊಗೆ ಬರುತ್ತದೆ, ಡ್ರಮ್ಮಿನ ನೀರು ಕಪ್ಪಾಗುತ್ತದೆ. ಇದನ್ನು ಡ್ರಮ್ಮಿನಲ್ಲೇ ಮಾಡಬೇಕು, ಕೆರೆಯಲ್ಲಿ ಬೇಡ. ಹೊಗೆ ತಿಳಿಯಾದ ಮೇಲೆ ದೋಣಿಗೆ ಕಟ್ಟಿ, ಅರ್ಧದಿಂದ ಮುಕ್ಕಾಲು ಥ್ರಾಟಲ್‌ನಲ್ಲಿ ಕಾಲು ಗಂಟೆ ಓಡಿಸಿ ಉಳಿದದ್ದನ್ನು ಮುಗಿಸಿ. ಆಮೇಲೆ ಹೊಸ ಪ್ಲಗ್. ಎನ್‌ಜಿಕೆ ಪ್ಲಗ್ ಸಂಖ್ಯೆಯ ಕೊನೆಯಲ್ಲಿ 10 ಎಂದಿದ್ದರೆ ಅಂತರ 1.0 ಮಿ.ಮೀ. ಹಳೇ ಟ್ಯಾಂಕಿನ ತಳದಲ್ಲಿ ಕಣ್ಣಿಗೆ ಬೀಳದ ಕೆಸರಿದ್ದರೆ ಕ್ಲೀನರ್ ಅದನ್ನು ಸಡಿಲಿಸಿ ಫಿಲ್ಟರಿಗೆ ತಳ್ಳುತ್ತದೆ. ಹಾಗಾಗಿ ಮೊದಲ ಕೆಲವು ಓಟಗಳಲ್ಲಿ ಫಿಲ್ಟರ್ ಬಟ್ಟಲನ್ನು ಪ್ರತಿ ಸಲ ನೋಡಿ.

ಇನ್ನೆರಡು ಬಗೆಯ ಡಬ್ಬಿಗಳಿಗೆ ದುಡ್ಡು ಹಾಕುವುದು ವ್ಯರ್ಥ. ಸೀಸದ ಬದಲಿ ದ್ರವ ವಾಲ್ವ್ ಸೀಟು ಉಳಿಸಲು ಇರುವುದು, ಟೂ ಸ್ಟ್ರೋಕಿನಲ್ಲಿ ಅಂಥ ವಾಲ್ವೇ ಇಲ್ಲ. ಆಕ್ಟೇನ್ ಬೂಸ್ಟರ್ ಕೂಡ ಈ ಕಡಿಮೆ ಕಂಪ್ರೆಷನ್ ಮೋಟಾರುಗಳಿಗೆ ಬೇಕಿಲ್ಲ.

ಕರಾವಳಿಯಿಂದ ಘಟ್ಟ ಹತ್ತಿದ ಮೋಟಾರು

ಇಲ್ಲಿನ ಹಳೇ ಮೋಟಾರುಗಳು ಹಲವು ಮಂಗಳೂರು, ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ಬರುತ್ತವೆ. ಕೊಳ್ಳುವಾಗಲೇ ಅದು ಪೆಟ್ರೋಲಿನದೋ ಸೀಮೆಎಣ್ಣೆಯದೋ ಎಂದು ಪ್ಲೇಟಿನ ಮೇಲಿನ ಮಾದರಿ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳಿ. ಸೀಮೆಎಣ್ಣೆ ಮಾದರಿ ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಗುತ್ತದೆ. ಅದರ ಕಂಪ್ರೆಷನ್ ಹುಟ್ಟಿನಿಂದಲೇ ಕಡಿಮೆ. ಅಂಥದ್ದರಲ್ಲಿ ಗೇಜ್ ಕಡಿಮೆ ತೋರಿಸಿತೆಂದು ರಿಂಗಿಗೆ ದೂರು ಹಾಕಬೇಡಿ. ಮಸಿ ಮಾತ್ರ ಇಂಥವುಗಳಲ್ಲಿ ವಿಪರೀತ, ಮೇಲೆ ಹೇಳಿದ ಶುಚಿಗೊಳಿಸುವ ಓಟ ಎರಡು ಸಲ ಬೇಕಾಗುತ್ತದೆ. ಸಮುದ್ರದಲ್ಲಿ ಓಡಿದ್ದಾದರೆ ನೀರಿನ ದಾರಿಗಳಲ್ಲಿ ಉಪ್ಪು ಕಟ್ಟಿರುತ್ತದೆ, ಥರ್ಮೋಸ್ಟಾಟ್ ಬಿಚ್ಚಿ ನೋಡಿ.

ಗೊರೂರು ಜಲಾಶಯದ ತುಂಬು ಮಟ್ಟ 2922 ಅಡಿ, ಅಂದರೆ ಸಮುದ್ರದಿಂದ ಸುಮಾರು 890 ಮೀಟರ್ ಮೇಲೆ. ಗಾಳಿ ತೆಳುವಾಗಿರುವುದರಿಂದ ಒಳ್ಳೆಯ ಮೋಟಾರು ಕೂಡ ಇಲ್ಲಿ ಶೇ. 9–10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಎಲ್ಲಾ ಸರಿಯಿದ್ದೂ ಪೂರ್ತಿ ಆರ್‌ಪಿಎಂ ಏರದಿದ್ದರೆ ಒಂದು ಇಂಚು ಕಡಿಮೆ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಇರುವ ಪ್ರೊಪೆಲ್ಲರ್ ಹಾಕಿ ನೋಡಿ. ಎತ್ತರದಲ್ಲಿ ಮಿಶ್ರಣ ದಪ್ಪವಾಗುತ್ತದೆಂದು ಸಣ್ಣ ಮೇನ್ ಜೆಟ್ ಹಾಕುವವರಿದ್ದಾರೆ. ಇ20 ಬಳಸುವವರು ಅದಕ್ಕೆ ಕೈ ಹಾಕಬೇಡಿ. ಎಥೆನಾಲಿನಿಂದಾಗಿ ಆ ಪೆಟ್ರೋಲಿನ ತೂಕದಲ್ಲಿ ಸುಮಾರು ಶೇ. 7 ಆಮ್ಲಜನಕವೇ ಇದ್ದು, ಮಿಶ್ರಣ ತಾನಾಗಿಯೇ ತೆಳುವಾಗಿರುತ್ತದೆ. ಅದರ ಮೇಲೆ ಜೆಟ್ಟನ್ನೂ ಇಳಿಸಿದರೆ ಮತ್ತೆ ಪಿಸ್ಟನ್ ಗೀರುವ ಅಪಾಯಕ್ಕೇ ಬಂದು ನಿಲ್ಲುತ್ತೀರಿ.

ಪೆಟ್ರೋಲಿನ ದೋಷದಂತೆ ಕಾಣುವ ಬೇರೆ ದೋಷಗಳು

ಆರ್‌ಪಿಎಂ ಏರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ ಎಂದರೆ ಪ್ರೊಪೆಲ್ಲರ್ ಒಳಗಿನ ರಬ್ಬರ್ ಜಾರುತ್ತಿದೆ. ಸ್ವಲ್ಪ ಹೊತ್ತು ಓಡಿ ಬಿಸಿಯಾಗಿ ಕುಗ್ಗಿದರೆ, ಹಿಂದೆ ಚಿಮ್ಮುವ ನೀರಿನ ಎಳೆ ನೋಡಿ. ನೀರು ಇಳಿದ ತಿಂಗಳುಗಳಲ್ಲಿ ಕೆಸರು ಎಳೆದುಕೊಂಡು ಇಂಪೆಲ್ಲರ್ ಬೇಗ ಸವೆಯುತ್ತದೆ. ಭದ್ರಾ ಹಿನ್ನೀರಿನಲ್ಲಿ ಮುಳುಗಿದ ಮರದ ಬುಡಗಳು, ಎಲ್ಲೆಡೆ ಮೀನಿನ ಬಲೆಯ ದಾರ, ಇವೆರಡೂ ಗೇರ್ ಪೆಟ್ಟಿಗೆಗೆ ಶತ್ರು. ಪ್ರೊಪೆಲ್ಲರ್ ತೆಗೆದಾಗ ಶಾಫ್ಟಿಗೆ ಸುತ್ತಿದ ದಾರ ಕಂಡರೆ ಆಯಿಲ್ ಸೀಲ್ ಕತ್ತರಿಸಿರುವ ಸಂಭವವಿದೆ. ಕೆಳಗಿನ ತಿರುಪು ಸಡಿಲಿಸಿ ನಾಲ್ಕು ಹನಿ ಗೇರ್ ಆಯಿಲ್ ಹೊರಕ್ಕೆ ಇಳಿಸಿ ನೋಡಿ. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ, ಸೀಲ್ ಹಾಕದೆ ಓಡಿಸಬೇಡಿ.

ಮತ್ತೆ ಶೆಡ್ಡಿಗೆ ಸೇರಿಸುವ ಮುಂಚೆ

ಪೆಟ್ರೋಲ್ ಹಳಸದಂತೆ ತಡೆಯುವ ಸ್ಟೆಬಿಲೈಸರ್ ಹಾಕುವುದಾದರೆ ಹೊಸ ಪೆಟ್ರೋಲಿಗೆ, ತಂದ ದಿನವೇ ಹಾಕಬೇಕು. ಹಳಸಿದ್ದನ್ನು ಅದು ಹೊಸದು ಮಾಡುವುದಿಲ್ಲ. ಹಾಕಿದ ಮೇಲೆ ಹತ್ತು ನಿಮಿಷ ಓಡಿಸಿದರೆ ಮಾತ್ರ ಕಾರ್ಬೊರೇಟರಿಗೆ ತಲುಪುತ್ತದೆ. ಇ20 ಇರುವವರೆಗೆ ಅದಕ್ಕಿಂತ ಒಳ್ಳೆಯ ದಾರಿ ಖಾಲಿ ಮಾಡಿ ಇಡುವುದು. ನೀರಿನಲ್ಲಿ ಐಡ್ಲಿಂಗ್ ಓಡುತ್ತಿರುವಾಗ ಪೈಪ್ ಕಳಚಿ, ತಾನಾಗಿ ನಿಲ್ಲುವವರೆಗೆ ಬಿಡಿ. ಆಮೇಲೂ ಫ್ಲೋಟ್ ಬಟ್ಟಲಿನ ತಳದಲ್ಲಿ ಒಂದೆರಡು ಚಮಚ ಉಳಿದಿರುತ್ತದೆ, ಗೋಂದಾಗುವುದು ಅದೇ. ಡ್ರೈನ್ ತಿರುಪು ಬಿಚ್ಚಿ ಅದನ್ನೂ ಇಳಿಸಿ. ಸಿಲಿಂಡರಿಗೆ 5 ಮಿ.ಲೀ. ಆಯಿಲ್ ಬಿಟ್ಟು ಹಗ್ಗ ಎರಡು ಸಲ ಎಳೆದು ಪ್ಲಗ್ ಹಾಕಿ. ಟ್ಯಾಂಕ್ ಖಾಲಿ ಮಾಡಿ, ಒರೆಸಿ, ಗಾಳಿ ತಿರುಪು ಮುಚ್ಚಿ. ಮೋಟಾರನ್ನು ಮಲಗಿಸದೆ ನೇರವಾಗಿ ನಿಲ್ಲಿಸಿಡಿ, ಒಳಗಿನ ನೀರೆಲ್ಲ ಕೆಳಗಿನಿಂದ ಇಳಿದುಹೋಗಲಿ.